ತೊಳೆದ ಬೂಟು

ನ್ಯಾಕಿಹಾಂಗ ಬೆಟ್ಟದ ಮರಿಯಮ್ಮನ ಸನ್ನಿಧಿಗೆ ನಮ್ಮೂರವರು ಐದು ದಿನ ನಡೆದೇ ಹೋಗುತ್ತೇವೆ. ಇಡೀ ದಾರಿ ಕಾಲ್ನಡಿಗೆಯಲ್ಲಿ ಬಂದವರಲ್ಲಿ ಎಲ್ಲರಿಗಿಂತ ಹಿರಿಯನು ಬೆಟ್ಟದ ಬುಡದಿಂದ ಶಿಲುಬೆ ಹೊರಬೇಕು. ಆಮೇಲೆ ಎಲ್ಲರೂ ಅದಕ್ಕೆ ಮುತ್ತಿಡುತ್ತಾರೆ. ಆ ವರ್ಷ ನನ್ನ ಸರದಿ ಎಂದುಕೊಂಡಿದ್ದೆ. ಅಷ್ಟರಲ್ಲಿ ಸರೋವರದ ಕಡೆಯ ಗೌಡೆನ್ಸಿಯೊ ನಮ್ಮ ಗುಂಪಿಗೆ ಸೇರಿದ. ನನಗಿಂತ ಎರಡು ವರ್ಷ ದೊಡ್ಡವನು.

ಅವನ ಬೂಟಿನ ಮೇಲೆ ನನ್ನ ಕಣ್ಣು ಬಿತ್ತು. ನಮಗೆಲ್ಲ ಮೊಣಕಾಲಿನವರೆಗೆ ಕೆಂಪು ಧೂಳು. ಅವನ ರಬ್ಬರ್ ಬೂಟು ಮಾತ್ರ ಫಳಫಳ. ಬೆಳಗಿನ ಜಪಸರದ ಪ್ರಾರ್ಥನೆಗೂ ಕಾಯದೆ ಒಬ್ಬನೇ ಹೊರಟುಬಿಡುತ್ತಿದ್ದ. ನಾವು ತಂಗುವ ಊರು ಮುಟ್ಟಿದಾಗ ಆಗಲೇ ಮರದಡಿ ಕೂತಿರುತ್ತಿದ್ದ.

"ಬಾಡಿಗೆ ಬೈಕಲ್ಲಿ ಬರ್ತಾನೆ ಕಣಜ್ಜ," ಎಂದಳು ಪಕ್ಕದ ಮನೆಯ ಪೆರ್ಪೆಟುವಾ, ರಾಗಿ ಮುದ್ದೆ ಮುರಿಯುತ್ತ. "ಮರಿಯಮ್ಮನಿಗೇ ಟೋಪಿ ಹಾಕೋ ಮುದುಕ. ನೀನು ಹಿಂಗೇ ಕೂತಿರು, ಶಿಲುಬೆ ಅವನೇ ಹೊತ್ಕೊಂಡು ಹೋಗ್ತಾನೆ."

ಕೊನೆಯ ದಿನ ನಾನೂ ಜಪಸರ ಬಿಟ್ಟು ಅವನ ಹಿಂದೆಯೇ ಹೊರಟೆ. ಬೈಕು ಎಲ್ಲಿ ನಿಲ್ಲುತ್ತದೆ ಎಂದು ಕಾದದ್ದೇ ಬಂತು. ಅವನು ನಡೆದೇ ನಡೆದ. ಬೆಟ್ಟ ಹತ್ತಿರವಾದಾಗ ಆಪು ಹುಲ್ಲಿನ ಮರೆಯಲ್ಲಿ ಹಳ್ಳಕ್ಕಿಳಿದು, ಬೂಟು ಬಿಚ್ಚಿ ತೊಳೆದ. ಆಮೇಲೆ ಪಾದ ಮಗುಚಿ ಮಗುಚಿ ನೋಡತೊಡಗಿದ. ಕಾಲಿನ ಬೆರಳುಗಳು ಅರ್ಧಕ್ಕರ್ಧ ಇರಲಿಲ್ಲ. ಹಿಮ್ಮಡಿಯಲ್ಲಿ ಮುಳ್ಳು ನೆಟ್ಟಿತ್ತು.

ನನ್ನನ್ನು ಕಂಡು ಬೂಟು ಬಾಚಿಕೊಂಡ, ಮರುಕ್ಷಣ ಕೈಬಿಟ್ಟ.

"ಈ ಕಾಲಿಗೆ ನೋವು ಗೊತ್ತಾಗಲ್ಲ ತಮ್ಮಾ. ಕಣ್ಣಲ್ಲೇ ನೋಡಿ ತಿಳ್ಕೋಬೇಕು. ಕುಷ್ಠ ವಾಸಿಯಾಗಿ ಮೂವತ್ತು ವರ್ಷ ಆಯ್ತು. ಆದ್ರೂ ಗೊತ್ತಾದ್ರೆ, ನಾನು ಹೊತ್ತ ಶಿಲುಬೆಗೆ ಯಾರು ಮುತ್ತಿಡ್ತಾರೆ?"

ನಾನು ನೀರಿಗಿಳಿದು ಮುಳ್ಳು ಕಿತ್ತೆ.

ಬೆಟ್ಟದ ಬುಡದಲ್ಲಿ ಗುಂಪು ಬಂದು ಸೇರಿದಾಗ, "ಇವನು ನಡೆದೇ ಬಂದಿದ್ದಾನೆ, ನಾನೇ ನೋಡಿದೀನಿ. ಶಿಲುಬೆ ಇವನಿಗೆ ಕೊಡಿ," ಎಂದೆ.

ಪೆರ್ಪೆಟುವಾ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು. ಹಳ್ಳದ ನೀರಿಗೆ ಧೂಳೆಲ್ಲ ತೊಳೆದುಹೋಗಿತ್ತು.

"ಓಹೋ! ನಿನ್ನನ್ನೂ ಬೈಕಲ್ಲಿ ಹಿಂದೆ ಕೂರಿಸ್ಕೊಂಡು ಬಂದ್ನಾ ಅಜ್ಜ?"

ಜನ ನಕ್ಕರು, ಆಮೇಲೆ ಗುಸುಗುಸು ಶುರುವಾಯಿತು. ಹಳ್ಳದ ಮಾತು ಎತ್ತಿದರೆ ಅಲ್ಲಿಗೇಕೆ ಇಳಿದೆ ಎಂದು ಹೇಳಬೇಕಾಗುತ್ತಿತ್ತು. ಗೌಡೆನ್ಸಿಯೊ ಬೂಟು ಬಿಚ್ಚಿ ತೋರಿಸಲು ಬಗ್ಗಿ ಕೈ ಹಾಕಿದ. ನಾನು ಆ ಕೈ ಹಿಡಿದುಕೊಂಡೆ.

"ಬೇಡಣ್ಣ."

ಶಿಲುಬೆ ನಮ್ಮಿಬ್ಬರ ನಂತರದ ಹಿರಿಯನಾದ ಪೆರ್ಪೆಟುವಾಳ ಮಾವನ ಹೆಗಲಿಗೇರಿತು. ನಾವಿಬ್ಬರೂ ಎಲ್ಲರಿಗಿಂತ ಹಿಂದೆ ಹತ್ತಿದೆವು. ಅವಳು ತಿರುವಿಗೊಮ್ಮೆ ನಿಂತು, ನಾವು ನಡೆದೇ ಬರುತ್ತಿದ್ದೇವೋ ಇಲ್ಲವೋ ಎಂದು ಹಿಂತಿರುಗಿ ನೋಡುತ್ತಿದ್ದಳು.