ಮಂಜಿನಲ್ಲಿ ಕೇಳಿಸಿದ ಉಸಿರು

ನಮ್ಮ ಅಪ್ಪ ಪಾವಿಯಾ ನಲವತ್ತು ವರ್ಷ ಸಮುದ್ರದಲ್ಲಿ ಬೇಟೆಯಾಡಿದವನು. ಹಿಮದ ಬೆಳಕು ಅವನ ಕಣ್ಣನ್ನು ತಿಂದುಹಾಕಿತ್ತು. ಎದುರಿಗೆ ನಿಂತವರೂ ಅವನಿಗೆ ನೆರಳಿನ ಹಾಗೆ ಕಾಣುತ್ತಿದ್ದರು. ಅಣ್ಣ ಎನೊಕ್ ಉದ್ದ ಕೊಂಬಿನ ತಿಮಿಂಗಿಲದ ಬೇಟೆಗೆಂದು ಒಂದು ಕೊಲ್ಲಿಗೆ ಹೋಗಿ ಮುಳುಗಿದ ಮೇಲೆ ಅಪ್ಪ ಹನ್ನೊಂದು ವರ್ಷ ಆ ಕೊಲ್ಲಿಯ ಕಡೆ ತಲೆ ಹಾಕಿರಲಿಲ್ಲ.

ಬೇಸಿಗೆಯಲ್ಲಿ ನಾನು ಪ್ರವಾಸಿಗಳ ಹಡಗಿನಲ್ಲಿ ಕಾವಲಿನವಳು. ಹೆಗಲಿಗೆ ಬಂದೂಕು, ಕೊರಳಿಗೆ ದುರ್ಬೀನು. ಪ್ರಾಣಿ ಕಂಡರೆ ತೋರಿಸಬೇಕು, ಕರಡಿ ಹತ್ತಿರ ಬಂದರೆ ಜನರನ್ನು ಹಿಂದಕ್ಕೆ ಕರೆತರಬೇಕು. ಕಳೆದ ಆಗಸ್ಟಿನಲ್ಲಿ ಹಡಗು ಗ್ರೀನ್‌ಲ್ಯಾಂಡಿನ ನಮ್ಮೂರಿಗೆ ಬಂದಾಗ ಅಪ್ಪ, "ಬಿಬಿಯಾನೆ, ಈ ಸಲ ನಾನೂ ಬರ್ತೀನಿ," ಅಂದ.

"ಆ ಕೊಲ್ಲಿಗೇ ಹೋಗೋದಪ್ಪ."

"ಗೊತ್ತಿದ್ದೇ ಕೇಳ್ತಿರೋದು."

ಹಡಗಿನ ಕಾವಲು ತಂಡದ ಮುಖ್ಯಸ್ಥ ಟೋರೆ ಒಪ್ಪಿಕೊಂಡ.

ಎರಡನೆಯ ದಿನ ಬೆಳಿಗ್ಗೆ ಕೊಲ್ಲಿಯ ತುಂಬ ಮಂಜು. ಡೆಕ್ಕಿನ ಮೇಲೆ ಅರವತ್ತು ಜನ ದುರ್ಬೀನು ಹಿಡಿದು ನಿಂತಿದ್ದರು. ಮೊಳದುದ್ದದ ಕ್ಯಾಮೆರಾ ಹೊತ್ತ ಹೆಂಕ್ ಎಂಬ ಮುದುಕ, "ಇಷ್ಟು ದೂರ ಬಂದದ್ದು ಬಿಳೀ ಗೋಡೆ ನೋಡೋಕಾ?" ಎಂದು ಗೊಣಗಿದ.

ಅಪ್ಪ ನನ್ನ ತೋಳು ಹಿಡಿದ. "ಇಂಜಿನ್ ನಿಲ್ಲಿಸೋಕೆ ಹೇಳು. ಉಸಿರು ಕೇಳಿಸ್ತಿದೆ."

ಟೋರೆ ಕ್ಯಾಪ್ಟನ್ನಿಗೆ ಹೇಳಿದ. ಇಂಜಿನ್ ನಿಂತಿತು. ಮೊದಲು ತೇಲುವ ಮಂಜುಗಡ್ಡೆ ಚಿಟಗುಟ್ಟುವುದಷ್ಟೇ ಕೇಳಿಸಿತು. ಆಮೇಲೆ ದೂರದಲ್ಲಿ ಒಂದು ನೀಳ ಉಸಿರು, ಅದರ ಬೆನ್ನಿಗೇ ಇನ್ನೊಂದು.

"ಕೊಂಬಿನ ತಿಮಿಂಗಿಲ. ಎಂಟೋ ಒಂಬತ್ತೋ ಇವೆ," ಅಂದ ಅಪ್ಪ. "ಮರಿ ಎರಡು. ಮರಿ ಉಸಿರು ಗಿಡ್ಡ."

ಅಪ್ಪನ ಮಾತನ್ನು ನಾನು ಪ್ರವಾಸಿಗಳ ಭಾಷೆಯಲ್ಲಿ ಎಲ್ಲರಿಗೂ ಹೇಳಿದೆ. "ರಬ್ಬರ್ ದೋಣಿ ಇಳಿಸಿದ್ರೆ ಹತ್ತಿರ ಹೋಗಬಹುದಲ್ಲ?" ಎಂದ ಹೆಂಕ್.

"ಇಳಿಸಿದ್ರೆ ಹೊರಟುಹೋಗ್ತವೆ. ಅವೇನು ಯಜಮಾನ್ರಿಗೆ ಕೊಂಬು ತೋರಿಸೋಕೆ ಬಂದಿಲ್ಲ ಅಂತ ಹೇಳು," ಅಂದ ಅಪ್ಪ.

ಹೆಂಕ್ ನಕ್ಕು ಕ್ಯಾಮೆರಾ ಕೆಳಗಿಟ್ಟ. ದೋಣಿ ಇಳಿಸಲಿಲ್ಲ. ಅಷ್ಟೂ ಜನ ಕೆಮ್ಮದೆ ನಿಂತು ಕೇಳಿದರು.

ಆಗ ಅಪ್ಪ ನೀರಿನ ಕಡೆಗೇ ಮುಖ ಮಾಡಿಕೊಂಡು ಮೆಲ್ಲಗೆ ಅಂದ: "ಅವತ್ತೂ ಹೀಗೇ ಮಂಜಿತ್ತು. ನಿಮ್ಮವ್ವ ಆಸ್ಪತ್ರೇಲಿದ್ಲು, ನೀನು ಶಾಲೇಲಿದ್ದೆ. ಇವತ್ತು ಬೇಡಪ್ಪ ಅಂದ ಎನೊಕ್. ಕಿವಿ ಇರೋನಿಗೆ ಮಂಜೇನು ಮಾಡುತ್ತೆ, ಹೆಂಗಸಿನ ಹಾಗೆ ಹೆದರಬೇಡ ಅಂತ ನಾನೇ ಕಳಿಸಿದೆ."

ಅಣ್ಣ ಹಟ ಮಾಡಿ ಹೋದ ಎಂದೇ ನಾವೆಲ್ಲ ತಿಳಿದಿದ್ದೆವು. ಸತ್ತವನನ್ನು ನಾನು ಎಷ್ಟು ಸಲ ಬೈದಿದ್ದೆನೋ. ನನ್ನ ತೋಳು ಹಿಡಿದಿದ್ದ ಅಪ್ಪನ ಕೈ ಬಿಡಿಸಿಕೊಳ್ಳಬೇಕೆನ್ನಿಸಿತು, ಬಿಡಿಸಿಕೊಳ್ಳಲಿಲ್ಲ.

"ಅವ್ವನಿಗೆ ಹೇಳಬೇಕು ನೀನು," ಅಂದೆ.

"ಹೇಳ್ತೀನಿ. ಮೊದಲು ಇಲ್ಲಿ, ಅವನು ಮುಳುಗಿದ ಕಡೆ ಹೇಳಬೇಕಾಗಿತ್ತು."

ಮಧ್ಯಾಹ್ನ ಮಂಜು ಕರಗಿದಾಗ ಕೊಲ್ಲಿಯಲ್ಲಿ ಒಂದು ತಿಮಿಂಗಿಲವೂ ಇರಲಿಲ್ಲ.

ಊರಿಗೆ ಮರಳಿದ ದಿನವೇ ಅಪ್ಪ ಹೇಳಿದ. ಅವ್ವ ಸೀಲ್ ಪ್ರಾಣಿಯ ಚರ್ಮ ಹೆರೆಯುತ್ತಿದ್ದಳು. ಕತ್ತಿ ಕೆಳಗಿಟ್ಟು, ಕೋಟು ಹಾಕಿಕೊಂಡು ತನ್ನ ತಂಗಿಯ ಮನೆಗೆ ಹೊರಟುಹೋದಳು. ಮೂರು ದಿನ ಬರಲಿಲ್ಲ. ಅಪ್ಪ ಕಿಟಕಿಯ ಪಕ್ಕ ಕೂತೇ ಇದ್ದ, ಕರೆಯಲು ಹೋಗಲಿಲ್ಲ.

ನಾಲ್ಕನೆಯ ದಿನ ಬಂದವಳು ಸೀಲ್ ಮಾಂಸದ ಸಾರು ಕುದಿಸಿದಳು. ಅಪ್ಪನ ಮುಂದೆ ಬಟ್ಟಲಿಟ್ಟು ನಿಂತಳು.

"ಅವತ್ತು ಹುಡುಗ ಉಂಡು ಹೋಗಿದ್ನಾ?"

"ಉಂಡಿದ್ದ," ಅಂದ ಅಪ್ಪ. "ಎರಡು ಸಲ ಹಾಕಿಸ್ಕೊಂಡ."

ಅವ್ವ ತನಗೂ ಒಂದು ಬಟ್ಟಲು ಬಡಿಸಿಕೊಂಡು ಅವನ ಎದುರಿಗೆ ಕೂತಳು.