ಕಂಬಳಿ ಗದ್ದುಗೆಯ ಕಂಪ್ಯೂಟರ್

ಈ ಕಂಪ್ಯೂಟರ್ ಎಲ್ಲಿ ಸರಿಹೋಗಿಬಿಡುತ್ತದೋ ಎಂಬುದು ನನ್ನ ಭಯ. ಯಾರ ಮುಂದೆಯೂ ಹೇಳುವಂಥದ್ದಲ್ಲ. ಕಂಪ್ಯೂಟರ್ ಓದಿ ಬಿ.ಎಸ್ಸಿ. ಮಾಡಿದ ಹುಡುಗಿ, ಕೆಟ್ಟ ಕಂಪ್ಯೂಟರ್ ಹೀಗೇ ಕೆಟ್ಟಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಾಳೆಂದರೆ ಕೇಳಿದವರು ನಕ್ಕಾರು. ಹೀಗಾಗಿ ನನಗೆ ನಾನೇ ಹೇಳಿಕೊಳ್ಳುತ್ತೇನೆ, ಅದೂ ಸಣ್ಣ ದನಿಯಲ್ಲಿ.

ಕಂಪ್ಯೂಟರ್ ಬೀರೇಶ ಮಾಮಾನದು. ಮಾಮಾ ಅಂದರೆ ಅವ್ವನ ಖಾಸಾ ತಮ್ಮ. ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ಮಷೀನಿನ ಮೇಲೆ ಕೆಲಸ ಮಾಡುತ್ತಾನೆ. ಕಾರ್ ರೇಸಿನ ಆಟದ ಹುಚ್ಚು. ಟಿಳಕವಾಡಿಯಲ್ಲಿ ಒಂದು ಗೇಮ್ ಪಾರ್ಲರ್ ಮುಚ್ಚಿದಾಗ ಅಲ್ಲಿದ್ದ ಹಳೆಯ ಪೆಂಟಿಯಂ ಫೋರ್ ಒಂದನ್ನು ಹೊತ್ತು ತಂದ. ಗೆಳೆಯರ ಜೊತೆ ಹಂಚಿಕೊಂಡ ರೂಮಿನಲ್ಲಿ ಇಡಲು ಜಾಗವಿಲ್ಲವೆಂದು ಖಾನಾಪುರದ ನಮ್ಮ ಮನೆಯ ಒಳಕೋಣೆಯಲ್ಲಿ ಇಟ್ಟ. ರವಿವಾರ ಬಂತೆಂದರೆ ಬೆಳಗಿನ ಬಸ್ಸಿಗೆ ಬಂದು ಅದರ ಮುಂದೆ ಕೂಡುತ್ತಾನೆ.

ಆಟ ಶುರುವಿಗೆ ಚೆನ್ನಾಗಿಯೇ ಓಡುತ್ತದೆ. ಆಮೇಲೆ ಕಾರು ನಡುರಸ್ತೆಯಲ್ಲಿ ತಡವರಿಸತೊಡಗುತ್ತದೆ. ಒಂದು ಚಿತ್ರ ಬಂದು ನಿಲ್ಲುತ್ತದೆ, ಸ್ವಲ್ಪ ತಡೆದು ಇನ್ನೊಂದು. ತಿರುವಿನಲ್ಲಿ ಅವನು ಒತ್ತಿದ ಗುಂಡಿ ಅದಕ್ಕೆ ತಿಳಿಯುವಷ್ಟರಲ್ಲಿ ಕಾರು ಗೋಡೆಗೆ ಬಡಿದಿರುತ್ತದೆ.

ನಮ್ಮ ಪೈಕಿಯಲ್ಲಿ ಅಕ್ಕನ ಮಗಳೆಂದರೆ ಸೋದರಮಾವನಿಗೇ ಎಂದು ಹುಟ್ಟಿದಾಗಲೇ ಮಾತಾಗಿರುತ್ತದೆ. ನನ್ನ ಕೊನೆಯ ಪರೀಕ್ಷೆ ಮುಗಿದ ಮೇಲೆ ಅವ್ವ ತಮ್ಮನನ್ನು ನೇರವಾಗಿಯೇ ಕೇಳಿದಳು.

“ಬೀರ್ಯಾ, ಇನ್ನ ಎಷ್ಟ ದಿನಾ ತಳ್ಳತಿ? ಭರಮಪ್ಪ ಕಾಕಾಗ ಬಾ ಅಂತ ಹೇಳಲೇನ?”

ನಂದಗಡದ ಭರಮಪ್ಪ ಕಾಕಾ ನಮ್ಮ ಬಳಗದ ಹಿರಿಯ. ಅವರು ಬಂದು ವೀಳ್ಯ ಇಟ್ಟರೆ ಮಾತು ಮುಗಿದಂತೆ. ಮಾಮಾ ಮಾನಿಟರಿನಿಂದ ಕಣ್ಣು ಕೀಳದೆ ನಕ್ಕ. “ಮೊದ್ಲ ಇದನ್ನ ನೆಟ್ಟಗ ಮಾಡ್ಲಿ ನಿನ್ನ ಮಗಳು. ಡಿಗ್ರಿ ಖರೇನೋ ಸುಳ್ಳೋ ನೋಡೂಣು. ಆಮ್ಯಾಲೆ ಕಾಕಾನ್ನ ಕರಸೂಣಂತ.”

ಚೇಷ್ಟೆಗೆ ಆಡಿದ ಮಾತು. ಆದರೆ ಅವ್ವ ಅದನ್ನೇ ಗಟ್ಟಿಯಾಗಿ ಹಿಡಿದಳು. ನಮ್ಮ ಜೊತೆಯಲ್ಲೇ ಇರುವ ಅವ್ವನ ತಾಯಿ, ಆಯಿ ಕಾಡವ್ವನಂತೂ ಓಣಿಯ ತುಂಬ ಹೇಳಿಕೊಂಡು ಬಂದಳು: “ನಮ್ಮ ಪ್ರಮಿಳಾ ಮಷೀನ ರಿಪೇರಿ ಮಾಡಿದ ದಿನಾನ ವೀಳ್ಯ.” ನೀರು ತರಲು ಹೋದರೆ ಬಾಜು ಮನೆಯ ಮಾಯಕ್ಕ ಕೊಡ ಕೆಳಗಿಟ್ಟು ಕೇಳುತ್ತಾಳೆ, “ಏನವಾ, ಗಂಡನ ಗಾಡಿ ಓಡಾಕ ಹತ್ತಿತೇನ?”

ಮಾಮಾ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಹೇಳಲು ಒಂದು ಕಾರಣವಾದರೂ ಸಿಗುತ್ತಿತ್ತು. ನನಗೆ ಸೈಕಲ್ ಕಲಿಸಿದವನು ಅವನು. ಅಲುಗಾಡುವ ಹಾಲುಹಲ್ಲಿಗೆ ದಾರ ಕಟ್ಟಿ ಜಗ್ಗಿದವನು ಅವನು. ಅವ್ವನಿಗೆ ಜ್ವರ ಬಂದಾಗ ನನ್ನ ಜಡೆಯನ್ನು ಸೊಟ್ಟಗೆ ಹೆಣೆದು ಸಾಲೆಗೆ ಬಿಟ್ಟು ಬರುತ್ತಿದ್ದವನೂ ಅವನೇ. “ಇನ್ನ ಮುಂದ ಅವಗ ನೀ ಅನಬ್ಯಾಡ, ಚಂದ ಕಾಣೂದಿಲ್ಲ, ನೀವು ಅನ್ನು” ಎಂದು ಅವ್ವ ಹೇಳಿಕೊಟ್ಟಳು. ನೀವು ಎನ್ನಲು ನಾಲಿಗೆ ಹೊರಳಲಿಲ್ಲ, ನೀ ಎನ್ನಲು ಅಪ್ಪಣೆಯಿಲ್ಲ. ಹೀಗಾಗಿ ಎರಡೂ ಬಿಟ್ಟು ಬರೀ ಅರ್ಧರ್ಧ ವಾಕ್ಯಗಳಲ್ಲಿ ಅವನೊಡನೆ ಮಾತಾಡುತ್ತಿದ್ದೆ.

ಒಳಕೋಣೆಯ ಕಿಟಕಿ ತೆರೆಯುವುದಿಲ್ಲ. ಹೆಂಚಿನ ಲಾರಿಗಳ ಕೆಂಧೂಳಿ ಬರುತ್ತದೆಂದು ಅಪ್ಪ ಮೊಳೆ ಹೊಡೆದಿದ್ದಾನೆ. ಆ ಕೋಣೆಯಲ್ಲಿ ನಾನು, ಮಾಮಾ, ಮಾನಿಟರಿನ ನೀಲಿ ಬೆಳಕು. ಬಾಗಿಲು ಅರ್ಧ ತೆರೆದು ಹೊರಗೆ ಆಯಿ ಕಾಳು ಹಸನು ಮಾಡುತ್ತ ಕೂಡುತ್ತಿದ್ದಳು. ನೋಡಿದವರು ಏನಾದರೂ ಅಂದಾರೆಂಬ ಕಾವಲಲ್ಲ ಅದು, ನಾವಿಬ್ಬರೂ ಜೋಡಿಯಾಗಿ ಕೂತದ್ದನ್ನು ಓಣಿ ನೋಡಲಿ ಎಂದೇ.

ಕೆಟ್ಟಿರಲಿ ಎಂದು ಬಯಸಿದೆನೇ ಹೊರತು ಕೈಯಾರೆ ಕೆಡಿಸಲು ನನಗೆ ಬರುವುದಿಲ್ಲ. ಗೊತ್ತಿದ್ದುದನ್ನೆಲ್ಲ ಮಾಡಿದೆ. ಆಟದೊಳಗೆ ನೆರಳು, ಮಳೆ, ಗಾಜಿನ ಹೊಳಪು ತೆಗೆದೆ. ಪರದೆಯ ಚಿತ್ರ ಒರಟಾಗುವವರೆಗೂ ರೆಸಲ್ಯೂಷನ್ ಇಳಿಸಿದೆ. ವೈರಸ್ ಹುಡುಕಿದೆ. ಚೆದುರಿದ ಫೈಲುಗಳನ್ನು ಒಟ್ಟುಗೂಡಿಸಲು ಡಿಫ್ರ್ಯಾಗ್ ಹಚ್ಚಿಟ್ಟು, ಬಣ್ಣದ ಚೌಕಗಳು ಒಂದೊಂದೇ ಸರಿಯುವುದನ್ನು ನೋಡುತ್ತ ಕುಳಿತೆ. ಮಾಮಾ ಟಿಳಕವಾಡಿಯಿಂದ ಡ್ರೈವರ್‌ಗಳ ಸಿ.ಡಿ. ತಂದ, ಹಾಕಿದೆ. ಕೊನೆಗೆ ಪೂರ್ತಿ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಕೂಡಿಸಿದೆ. ಕಾರು ಮತ್ತೆ ತಡವರಿಸಿತು. ಪ್ರತಿ ಸಲವೂ ನನ್ನ ಎದೆ ಸ್ವಲ್ಪ ಹಗುರಾಗುತ್ತಿತ್ತು.

ಈ ರವಿವಾರ ಒಂದು ಮಾತು ಜೋಡಿಸಿಕೊಂಡಿದ್ದೆ. ಗ್ರಾಫಿಕ್ಸ್ ಕಾರ್ಡ್ ಮುದಿಯಾಗೈತಿ, ಏನೂ ಮಾಡಾಕ ಬರೂದಿಲ್ಲ, ಮಾರಿಬಿಡೂದು ಚಲೋ. ಮನಸ್ಸಿನಲ್ಲೇ ಹೇಳಿ ಹೇಳಿ ನಯ ಮಾಡಿಕೊಂಡಿದ್ದೆ. ಮಾಮಾ ಆಡುತ್ತಿದ್ದ. ಕಾರು ತಡವರಿಸಲು ಶುರುವಾಯಿತು. ಸ್ಪೀಕರಿನ ವೈರು ಸಡಿಲಾಗಿದೆಯೆಂದು ಅವನು ಹೇಳಿದ್ದರಿಂದ ನಾನು ಕಂಪ್ಯೂಟರಿನ ಡಬ್ಬಿಯ ಹಿಂದೆ ಕೈ ಹಾಕಿದೆ. ಬೆರಳು ತಗಡಿಗೆ ತಾಗಿತು.

“ಹಾ!” ಎಂದೆ.

“ಕರೆಂಟ್ ಹೊಡೀತೇನ?”

“ಇಲ್ಲ. ಹಂಚಿನಂಗ ಕಾದೈತಿ.”

ಆ ಮಾತು ಬಾಯಿಂದ ಹೊರಬಿದ್ದ ಕ್ಷಣವೇ ನನಗೆ ಎಲ್ಲ ಹೊಳೆಯಿತು. ಶುರುವಿಗೆ ಚೆನ್ನಾಗಿ ಓಡುವುದು, ಕಾದ ಮೇಲೆ ತಡವರಿಸುವುದು, ಆರಿದ ಮೇಲೆ ಮತ್ತೆ ಓಡುವುದು. ಮೊದಲ ದಿನವೇ ತಿಳಿಯಬೇಕಿತ್ತು.

“ಕಾದ್ರ ಆಟ ಯಾಕ ನಿಂತ ನಿಂತ ಹೋಗತೈತಿ?” ಮಾಮಾ ಕೇಳಿದ.

ಸುಮ್ಮನಿರಬಹುದಿತ್ತು. ಆದರೆ ಗೊತ್ತಿರುವ ಉತ್ತರವನ್ನು ನುಂಗುವುದು ನನಗೆ ಪರೀಕ್ಷೆಯ ಹಾಲ್‌ನಲ್ಲಿ ಪಕ್ಕದವರು ಕೇಳಿದಾಗಲೂ ಆಗುತ್ತಿರಲಿಲ್ಲ. “ಪ್ರೊಸೆಸರ್ ಸುಡಬಾರ್ದು ಅಂತ ತಾನ ನಿಧಾನ ಆಗತೈತಿ. ಅದರ ಮ್ಯಾಲಿನ ಫ್ಯಾನಿಗೆ ಗಾಳಿ ಸಿಗವಲ್ದು.”

“ಹಂಗಾದ್ರ ಬಿಚ್ಚು!”

ಅವನೇ ಸ್ಕ್ರೂಡ್ರೈವರ್ ತಂದ. ಸ್ವಿಚ್ ಆರಿಸಿ, ಪಕ್ಕದ ತಗಡು ಕಳಚಿದೆ. ಅವನು ಬ್ಯಾಟರಿಯ ಬೆಳಕು ಹಿಡಿದ. ಫ್ಯಾನಿನ ಕೆಳಗೆ, ಗಾಳಿ ಹೋಗಬೇಕಾದ ಲೋಹದ ಪಟ್ಟಿಗಳ ಮೇಲೆ, ಕಪ್ಪು ಹಳದಿ ಬಣ್ಣದ ಮೆತ್ತೆಯೊಂದು ದಪ್ಪಗೆ ಕೂತಿತ್ತು. ಬೆರಳಿನಿಂದ ಕಿತ್ತೆ. ಉಣ್ಣೆ. ಅರಿಶಿನದ ವಾಸನೆ.

ಕಂಪ್ಯೂಟರ್ ಮನೆಗೆ ಬಂದ ದಿನ ಆಯಿ ಮೇಜಿನ ಮೇಲೆ ಕರಿಯ ಕಂಬಳಿ ಮಡಿಸಿ ಹಾಸಿದ್ದಳು. ಬರೀ ಹಲಗೆಯ ಮೇಲೆ ಇಡಬಾರದು, ಮಗನ ದುಡಿಮೆ ಎಂದು. ಕುರುಬರ ಮನೆಯಲ್ಲಿ ಮಾನವುಳ್ಳದ್ದು ಯಾವುದಿದ್ದರೂ, ದೇವರಿರಲಿ, ಹಿರಿಯರಿರಲಿ, ಕಂಬಳಿಯ ಗದ್ದುಗೆಯ ಮೇಲೇ ಕೂಡಬೇಕು. ಮಾಮಾ ಆಡುವ ಮೊದಲು ಬೀರದೇವರ ಹೆಸರು ಹೇಳಿ ಒಂದು ಚಿಟಿಕೆ ಭಂಡಾರ, ಅಂದರೆ ಅರಿಶಿನದ ಪುಡಿ, ಡಬ್ಬಿಯ ಮೇಲೆ ಹಾರಿಸುತ್ತಿದ್ದಳು. ಆಡಿ ಮುಗಿದ ಮೇಲೆ ಇನ್ನೊಂದು ಕಂಬಳಿ ಹೊದಿಸುತ್ತಿದ್ದಳು. ನಾನು ಇಷ್ಟೆಲ್ಲ ಹುಡುಕಿದೆ, ಕಂಬಳಿಯನ್ನು ಮಾತ್ರ ನೋಡಲಿಲ್ಲ. ನಮ್ಮ ಮನೆಯಲ್ಲಿ ಕಂಬಳಿ ಗೋಡೆಯಿದ್ದ ಹಾಗೆ, ಗೋಡೆಯನ್ನು ಯಾರು ನೋಡುತ್ತಾರೆ?

ಮಾಮಾ ಆ ಮೆತ್ತೆಯನ್ನು ಬೆಳಕಿಗೆ ಹಿಡಿದು ಬಿದ್ದು ಬಿದ್ದು ನಕ್ಕ. “ನೋಡಲೇ ಪ್ರಮಿ, ಯವ್ವ ಒಳಗೂ ಒಂದ ಕಂಬಳಿ ನೇದಾಳ!”

ನಗು ಕೇಳಿ ಆಯಿ ಬಾಗಿಲಿಗೆ ಬಂದಳು. “ಏನ ಸಿಕ್ತೋ?”

ಮಾಮಾ ಮೆತ್ತೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. ಹಿಂದೆಯೇ ಬಂದಿದ್ದ ಅವ್ವ ಹೇಳಬೇಡವೆಂದು ನನಗೆ ಕಣ್ಸನ್ನೆ ಮಾಡಿದಳು.

“ಏನಿಲ್ಲ ಯವ್ವಾ. ಒಂದ ವೈರ್ ಸಡ್ಲ ಆಗಿತ್ತು” ಎಂದ ಮಾಮಾ.

“ಮತ್ತ? ದೇವರ ಕೈಬಿಡತಾನೇನ? ನಾ ಸುಮ್ನ ಭಂಡಾರ ಹಾಕತಿದ್ನೇನ?” ಎಂದು ಆಯಿ ಗೆಲುವಿನಿಂದ ತಿರುಗಿ ಹೋದಳು.

ನಮ್ಮ ಮನೆಯಲ್ಲಿ ಯಾರ ಮನಸ್ಸನ್ನೂ ಯಾರೂ ನೋಯಿಸುವುದಿಲ್ಲ. ಅಷ್ಟು ಪ್ರೀತಿ. ಅದಕ್ಕೇ ಇಲ್ಲಿ ಖರೇ ಮಾತಿಗೆ ಜಾಗವೇ ಸಿಗುವುದಿಲ್ಲ. ನಾನು ಹಳೆಯ ಹಲ್ಲಿನ ಬ್ರಷ್ಷಿನಿಂದ ಪಟ್ಟಿಗಳ ನಡುವೆ ತಿಕ್ಕಿದೆ, ಮಾಮಾ ಸೈಕಲ್ ಪಂಪಿನಿಂದ ಗಾಳಿ ಹೊಡೆದ. ಹಳದಿ ಧೂಳು ಎದ್ದು ಇಬ್ಬರೂ ಸೀನಿದೆವು. ಡಬ್ಬಿಯನ್ನು ಕಂಬಳಿಯಿಂದ ಇಳಿಸಿ ಎರಡು ಇಟ್ಟಿಗೆಗಳ ಮೇಲಿಟ್ಟೆ. “ವೈರ್ ಜಗ್ಗಬಾರ್ದು ಅಂತ” ಎಂದು ಆಯಿಗೆ ಮಾಮಾ ಇನ್ನೊಂದು ಸುಳ್ಳು ಹೇಳಿದ.

ಕಂಪ್ಯೂಟರ್ ಹಚ್ಚಿದೆವು. ಕಾರು ಓಡಿತು. ತೆಗೆದಿದ್ದ ನೆರಳು, ಮಳೆ ಎಲ್ಲ ತಿರುಗಿ ಹಾಕಿದೆ. ಮಳೆಯಲ್ಲೂ ಓಡಿತು. ಒಂದು ಸುತ್ತು ಮುಗಿಯಿತು, ಇನ್ನೊಂದು ಮುಗಿಯಿತು. ಎಲ್ಲಿಯಾದರೂ ಒಮ್ಮೆ ತಡವರಿಸಲಿ ಎಂದು ಉಸಿರು ಹಿಡಿದು ನೋಡಿದೆ. ಇಲ್ಲ. ಎಣ್ಣೆಯ ಹಾಗೆ ಹರಿಯಿತು.

“ಏ ಅಕ್ಕಾ, ನಿನ್ನ ಮಗಳು ಗೆದ್ದಳು ನೋಡ!” ಮಾಮಾ ಕೂಗಿದ. ಸಣ್ಣ ಹುಡುಗನಷ್ಟು ಸಂತೋಷ ಅವನ ಮುಖದಲ್ಲಿ. “ಡಿಗ್ರಿ ಖರೇ ಐತಿ!”

ಅವ್ವ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಪರದೆಯ ಕಡೆ ನೋಡಲೇ ಇಲ್ಲ. “ಆತಲ್ಲ? ನಾ ಈಗ ಹೋಗಿ ಎಸ್.ಟಿ.ಡಿ. ಬೂತಿನಿಂದ ನಂದಗಡಕ್ಕ ಫೋನ್ ಹಚ್ಚತೀನಿ. ಭರಮಪ್ಪ ಕಾಕಾ ಸಿಕ್ಕರ ಇದ ವಾರನ ಬರ್ರಿ ಅಂತೀನಿ.”

“ಹೋಗ ಹೋಗ, ತಡಾ ಮಾಡಬ್ಯಾಡ” ಎಂದಳು ಆಯಿ.

ನಾನು ಮಾಮಾನ ಕಡೆ ನೋಡಿದೆ. ಚೇಷ್ಟೆಗೆ ಅಂದಿದ್ದೆ ಅಕ್ಕಾ, ತಡಿ, ಎನ್ನುತ್ತಾನೇನೋ ಎಂದು ಕಾದೆ. ಅವನು ಆಟ ನಿಲ್ಲಿಸಿ, ಕೀಬೋರ್ಡನ್ನು ಸುಮ್ಮನೆ ಅತ್ತಿತ್ತ ಸರಿಸಿದ. ಕಿವಿ ಕೆಂಪಾಗಿತ್ತು. ಅವನಿಗೂ ಇದು ಬೇಕಾಗಿದೆ ಎಂದು ನನಗೆ ಮೊದಲ ಸಲ ತಿಳಿಯಿತು.

ಅವ್ವ ಸೆರಗು ಹೊದ್ದುಕೊಂಡು ಪಡಸಾಲೆಗೆ ಇಳಿದಳು. ಚಪ್ಪಲಿಯಲ್ಲಿ ಒಂದು ಕಾಲು ತೂರಿಸಿದಳು. ಇನ್ನೊಂದು ಚಪ್ಪಲಿ ಬೆಂಚಿನ ಕೆಳಗೆ ಹೋಗಿತ್ತು. ಬಗ್ಗಿ ಹುಡುಕುತ್ತಿದ್ದಳು. ಅದು ಸಿಕ್ಕಿದರೆ ಹೊಸ್ತಿಲು ದಾಟುತ್ತಾಳೆ. ದಾಟಿದರೆ ಫೋನು, ಫೋನಾದರೆ ಕಾಕಾ, ಕಾಕಾ ಬಂದರೆ ವೀಳ್ಯ. ಆಮೇಲೆ ನಾನು ಆಡುವ ಮಾತಿನಿಂದ ಒಂದು ಬಳಗವೇ ತಲೆ ತಗ್ಗಿಸಬೇಕಾಗುತ್ತದೆ.

ಒಳಕೋಣೆಯಿಂದ ಹೊರಗೆ ಬಂದೆ. ಬಾಗಿಲಿನ ಚೌಕಟ್ಟು ಹಿಡಿದುಕೊಂಡೆ. ಅವ್ವನ ಬೆನ್ನು ನನ್ನ ಮುಂದೆ, ಮಾಮಾ ನನ್ನ ಬೆನ್ನ ಹಿಂದೆ. ಅವನ ಮುಖ ಕಾಣದಿದ್ದುದೇ ಒಳ್ಳೆಯದಾಯಿತು.

“ಅವ್ವಾ” ಎಂದೆ. ದನಿ ನನ್ನದಲ್ಲವೆಂಬಷ್ಟು ಗಟ್ಟಿಯಾಗಿ ಬಂತು. ಅವ್ವ ಕೈಯಲ್ಲಿ ಚಪ್ಪಲಿ ಹಿಡಿದೇ ತಿರುಗಿದಳು.

“ಮಾಮಾನ ಜೋಡಿ ಲಗ್ನಾ ಆಗೂದು ನನಗ ಬ್ಯಾಡ.”