ನಲವತ್ತೊಂದನೇ ನಂಬರಿನ ಬಸವನಹುಳ

ಕಾಗದದ ಪಟ್ಟಿ ಏಳನೆಯ ಸಲವೂ ಬಿಚ್ಚಿಕೊಂಡಿತು. ಐಲ್ಸಾ ಅದನ್ನು ಪೆನ್ಸಿಲಿಗೆ ಬಿಗಿಯಾಗಿ ಸುತ್ತಿ, ನೂರರವರೆಗೆ ಎಣಿಸಿ, ಉಸಿರು ಹಿಡಿದುಕೊಂಡೇ ಬೆರಳು ಸಡಿಲಿಸಿದ್ದಳು. ಕಾಗದ ಒಂದು ಕ್ಷಣ ಮಾತು ಕೇಳಿದ ಹಾಗೆ ಮಾಡಿತು. ಆಮೇಲೆ ಮೈಮುರಿದು ನೆಟ್ಟಗಾಯಿತು. ಹೊರಗೆ ಅಪ್ಪ ಗ್ರೇಮ್ ಆಗಲೇ ಕಾರು ಶುರುಮಾಡಿಕೊಂಡು ಕೂತಿದ್ದ. ಅಜ್ಜಿಯ ಮಣ್ಣಿಗೆ ಹೊರಡಲು ಇನ್ನು ಕಾಲು ಗಂಟೆ ಉಳಿದಿತ್ತು.

ಅಜ್ಜಿಯ ಅಡುಗೆಮನೆಯ ಮೇಜಿನ ಮೇಲೆ ಬೂಟಿನ ರಟ್ಟಿನ ಡಬ್ಬಿಯೊಂದಿತ್ತು. ಅದರೊಳಗೆ ಕಾಗದದ ಒಂಬತ್ತು ಬಸವನಹುಳಗಳು, ಒಂದರ ಬೆನ್ನಿಗೊಂದು ಮುಖಮಾಡಿ ಎಲ್ಲಿಗೋ ಹೊರಟಂತೆ ಕೂತಿದ್ದವು. ಬೂದುಬಣ್ಣದ ಮೈ, ನೂಲಿನ ಎರಡು ಕೊಂಬು, ಬೆನ್ನ ಮೇಲೆ ಕೆನೆಬಣ್ಣದ ಸುರುಳಿಚಿಪ್ಪು. ಚಿಪ್ಪಿನ ಹೊಟ್ಟೆಯಲ್ಲಿ ಜೆಲ್ಲಿ ಮಿಠಾಯಿ. ಅಲ್ಲಾಡಿಸಿದರೆ ಸಣ್ಣಗೆ ಸದ್ದಾಗುತ್ತಿತ್ತು.

ಪಕ್ಕದ ಮನೆಯ ಪಿಪ್ಪಾಳಿಗೆ ನಾಳೆ ಆರು ತುಂಬುತ್ತದೆ. ಕಳೆದ ವರ್ಷ ಅವಳ ಗೆಳತಿಯರ ಮನೆಗಳಲ್ಲೆಲ್ಲ ರಾಜಕುಮಾರಿಯರ ಹುಟ್ಟುಹಬ್ಬ, ಡೈನೋಸಾರ್ ಹುಟ್ಟುಹಬ್ಬ ಆಗಿದ್ದವು. ತನ್ನದು ಬಸವನಹುಳದ ಹುಟ್ಟುಹಬ್ಬ ಎಂದು ಪಿಪ್ಪಾ ಹಟ ಹಿಡಿದಿದ್ದಳು. ಕೇಕೂ ಬಸವನಹುಳ, ಆಟವೂ ಬಸವನಹುಳ. ಮನೆಗೆ ಹೊರಟ ಮಕ್ಕಳ ಕೈಗೆ ಕೊಡುವ ಮಿಠಾಯಿಯ ಪೊಟ್ಟಣವೂ ಅದೇ. ಹದಿಮೂರು ಮಕ್ಕಳು. ಪೊಟ್ಟಣಗಳ ಹೊಣೆ ಹೊತ್ತವಳು ಐಲ್ಸಾಳ ಅಜ್ಜಿ ಡಲ್ಸಿ. ಹೋದ ಶನಿವಾರ ಬೆಳಿಗ್ಗೆ ಒಂಬತ್ತು ಪೊಟ್ಟಣ ಮುಗಿಸಿ, ಚಹಾ ಸೋಸಿಕೊಂಡು, ಇದೇ ಕುರ್ಚಿಯಲ್ಲಿ ಕೂತಲ್ಲೇ ಅವಳು ಹೋಗಿಬಿಟ್ಟಳು.

"ಆಯ್ತಾ?"

ಪಿಪ್ಪಾ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಕಾಲಲ್ಲಿ ಬರೀ ಕಾಲುಚೀಲ.

"ಇನ್ನೂ ಇಲ್ಲ," ಎಂದಳು ಐಲ್ಸಾ. "ಅಜ್ಜಿ ಚಿಪ್ಪು ಹೇಗೆ ಸುತ್ತತಿದ್ಲು, ನೀನು ನೋಡಿದ್ಯಾ?"

"ಅವಳು ಸುತ್ತತಾನೇ ಇರ್ಲಿಲ್ಲ. ಅವೇ ಸುತ್ಕೊಳ್ತವೆ ಅಂತಿದ್ಲು."

ಐಲ್ಸಾ ಡಬ್ಬಿಯತ್ತ ಕೈಚಾಚಿದಳು. "ಒಂದೇ ಒಂದನ್ನ ಬಿಚ್ಚಿ ನೋಡ್ಲಾ? ಆಗ ಗೊತ್ತಾಗುತ್ತೆ."

ಪಿಪ್ಪಾ ಓಡಿಬಂದು ಡಬ್ಬಿಯನ್ನು ಎದೆಗವಚಿಕೊಂಡಳು. "ಬಿಚ್ಚಿದ್ರೆ ಎಂಟೇ ಉಳಿಯೋದು. ಈಗ್ಲೇ ನಾಲ್ಕು ಕಮ್ಮಿ. ನಾಲ್ಕು ಜನಕ್ಕೆ ಅಮ್ಮ ಅಂಗಡಿಯಿಂದ ಪ್ಲಾಸ್ಟಿಕ್ ಚೀಲ ತರ್ತಾಳಂತೆ. ಯಾವ ನಾಲ್ಕು ಜನ ಅಂತ ನಾನೇ ಹೇಳ್ಬೇಕಂತೆ." ಅವಳು ಡಬ್ಬಿಯನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು. "ನಾನು ಹೇಳಲ್ಲ."

"ಸಂಜೆಯೊಳಗೆ ಹದಿಮೂರೂ ಇರ್ತವೆ," ಎಂದುಬಿಟ್ಟಳು ಐಲ್ಸಾ.

ಹೇಳಿದ ಮೇಲೆ ಅವಳಿಗೇ ದಿಗಿಲಾಯಿತು. ಮಾತು ಕೊಡುವ ಅಭ್ಯಾಸ ಅವಳದಲ್ಲ. ತಾನು ಕೆಲಸ ಮಾಡುವ ಲಾನ್ಸೆಸ್ಟನ್ ಪೇಟೆಯ ಗ್ರಂಥಾಲಯದಲ್ಲಿ ಯಾರಾದರೂ ಪುಸ್ತಕ ಕೇಳಿದರೆ, ಅದು ಕಣ್ಣೆದುರಿನ ಕಪಾಟಿನಲ್ಲಿದ್ದರೂ, 'ನೋಡ್ತೀನಿ' ಎನ್ನುವವಳು ಅವಳು.

ಕತ್ತರಿ, ಉಳಿದ ಹಾಳೆಗಳು, ನೂಲು, ಮಿಠಾಯಿ, ರಬ್ಬರ್ ಬ್ಯಾಂಡು ಎಲ್ಲವನ್ನೂ ಅವಳು ಚೀಲಕ್ಕೆ ತುರುಕಿದಳು. ಅವನ್ನಿಟ್ಟಿದ್ದ ಬಿಸ್ಕತ್ತಿನ ಡಬ್ಬಿಯ ತಳದಲ್ಲಿ ಹಳದಿಗಟ್ಟಿದ ಚೀಟಿಗಳ ಕಟ್ಟೊಂದು ಸಿಕ್ಕಿತು. ಬೆರಳುದ್ದದ ಚೀಟಿಗಳು; ಎಲ್ಲದರ ಮೇಲೂ ಒಂದೇ ಅಚ್ಚು: 'ಕೊರತೆ ಕಂಡುಬಂದಲ್ಲಿ ಈ ಚೀಟಿಯೊಡನೆ ಹಿಂತಿರುಗಿಸಿ. ನಂ. 41.' ಮಕ್ಕಳ ಮಿಠಾಯಿಯ ಸಾಮಾನಿನ ನಡುವೆ ಇದೇಕೆ ಬಂತು? ಅಪ್ಪ ಹಾರ್ನ್ ಒತ್ತಿದ. ಅವಳು ಆ ಕಟ್ಟನ್ನೂ ಚೀಲಕ್ಕೆ ಹಾಕಿಕೊಂಡಳು.

*

ಸಾಯುವ ಹಿಂದಿನ ಭಾನುವಾರ ಅಜ್ಜಿ ಫೋನು ಮಾಡಿದ್ದಳು. ಸಮಾಚಾರ ಶುರುವಾದದ್ದು ಕರೆಂಟಿನ ಬಿಲ್ಲಿನಿಂದ. ಗೇಟಿನ ಟಪಾಲು ಪೆಟ್ಟಿಗೆಯೊಳಗೆ ಸೇರಿಕೊಂಡ ಬಸವನಹುಳಗಳು ಬಿಲ್ಲಿನ ಮೊತ್ತವನ್ನೇ ತಿಂದು ಹಾಕಿದ್ದವಂತೆ. ಅಜ್ಜಿ ಉಪ್ಪಿನ ಡಬ್ಬಿ ಹಿಡಿದು ಹೋದರೆ, ಪಿಪ್ಪಾ ಪೆಟ್ಟಿಗೆಗೆ ಬೆನ್ನು ಕೊಟ್ಟು ಅಡ್ಡ ನಿಂತಳಂತೆ.

"ಏನಂತು ಗೊತ್ತಾ ಆ ಹುಡುಗಿ? 'ನೀನು ತಿಂಡಿ ಪೆಟ್ಟಿಗೆ ಇಟ್ಟು, ತಿಂದವರನ್ನ ಕೊಲ್ತೀಯಲ್ಲ' ಅಂತು. ಉಪ್ಪಿನ ಡಬ್ಬಿ ವಾಪಸ್ ಒಳಗಿಟ್ಟೆ ಕಣೇ."

ಆಮೇಲೆ ಅಜ್ಜಿಗೆ ಕುತೂಹಲ ಹತ್ತಿತು. ಬೇಕೆಂದೇ ಒಂದು ರಾತ್ರಿ ಪೆಟ್ಟಿಗೆಯಲ್ಲಿ ಆರು ತರಹದ ಕಾಗದ ಇಟ್ಟು ನೋಡಿದಳಂತೆ. ಮಿರಿಮಿರಿ ಮಿಂಚುವ ಜಾಹೀರಾತನ್ನು ಅವು ಮೂಸಿಯೂ ನೋಡಿರಲಿಲ್ಲ. ತಾನು ದುಡಿದಿದ್ದ ಕಾಗದದ ಗಿರಣಿಯ ಹಳೆಯ ಬರವಣಿಗೆ ಹಾಳೆಯನ್ನು ಮಾತ್ರ ಅರ್ಧ ತಿಂದಿದ್ದವು.

"ಮೂವತ್ತೊಂದು ವರ್ಷ ಕಾಗದ ನೋಡಿದ ನಮಗಿಂತ ಅವಕ್ಕೇ ಚೆನ್ನಾಗಿ ಗೊತ್ತು ಕಣೇ, ಯಾವುದು ಒಳ್ಳೆದು ಅಂತ. ಮುಂದಿನ ಭಾನುವಾರ ಬಾ. ಚಿಪ್ಪು ಮಾಡೋದು ತೋರಿಸ್ತೀನಿ."

"ಫೋನಲ್ಲೇ ಹೇಳಜ್ಜಿ."

"ಹೇಳೋದಲ್ಲ ಅದು. ಕೈಗೆ ಗೊತ್ತಾಗ್ಬೇಕು."

ಮುಂದಿನ ಭಾನುವಾರ ಬರುತ್ತೇನೆಂದು ಐಲ್ಸಾ ಹೇಳಿದ್ದಳು. ಆ ಭಾನುವಾರ ಬರುವ ಹೊತ್ತಿಗೆ ಅಜ್ಜಿ ಹೋಗಿ ಒಂದು ದಿನವಾಗಿತ್ತು.

*

ಸ್ಮಶಾನ ಊರಿನ ಬೆನ್ನಿಗಿರುವ ಗುಡ್ಡದ ಮೇಲಿತ್ತು. ಅಲ್ಲಿಂದ ನೋಡಿದರೆ ಬಂದರು, ಸರಕು ತುಂಬಿಸಿಕೊಳ್ಳುತ್ತಿದ್ದ ಹಡಗು, ಗಿರಣಿ ಇದ್ದ ಜಾಗದಲ್ಲಿ ಈಗ ಎದ್ದಿರುವ ದೊಡ್ಡ ಅಂಗಡಿಗಳ ತಗಡಿನ ಮಾಡು ಎಲ್ಲವೂ ಕಾಣುತ್ತಿದ್ದವು. ಸಮುದ್ರದ ಕಡೆಯಿಂದ ಜಿನುಗು ಮಳೆ ತೇಲಿ ಬರುತ್ತಿತ್ತು. ಛತ್ರಿ ಬಿಚ್ಚುವಷ್ಟು ಜೋರಿಲ್ಲ, ಬಿಚ್ಚದೆ ನಿಲ್ಲುವಷ್ಟು ಕಮ್ಮಿಯೂ ಇಲ್ಲ.

ಪಾದ್ರಿ ಓದುತ್ತಿದ್ದರು. ಬಂದವರ ಕೈಯಲ್ಲೆಲ್ಲ ಪ್ರಾರ್ಥನೆಯ ಹಾಳೆ ಇತ್ತು. ಹೊರಪುಟದಲ್ಲಿ ನಗುವ ಡಲ್ಸಿಯ ಪಟ. ಐಲ್ಸಾಳ ಪಕ್ಕ ಊರುಗೋಲಿಗೆ ಒರಗಿ ನಿಂತಿದ್ದವಳು ರೋನಾ. ಗಿರಣಿಯಲ್ಲಿ ಕೊರತೆಯಿರುವ ಹಾಳೆ ಆರಿಸಿ ತೆಗೆಯುವ ಕೋಣೆಯಲ್ಲಿ ಡಲ್ಸಿಯ ಪಕ್ಕದ ಮೇಜು ಅವಳದು. ಅವಳು ಪ್ರಾರ್ಥನೆಗೆ ತಲೆ ತಗ್ಗಿಸಿದಂತೆ ಕಾಣುತ್ತಿತ್ತಾದರೂ ನೋಡುತ್ತಿದ್ದದ್ದು ಕೈಯಲ್ಲಿದ್ದ ಹಾಳೆಯನ್ನು.

"ಕಾಗದದ ನಾರು ಅಡ್ಡ ಹೋಗಿದೆ," ಎಂದು ರೋನಾ ಗೊಣಗಿದಳು.

"ಏನು?"

"ಯಾವನೋ ಬೇಕೂಫ ನಾರಿಗೆ ಅಡ್ಡವಾಗಿ ಮಡಿಸಿದಾನೆ. ಮಡಿಕೆ ನೋಡು, ಹೇಗೆ ಬಿರಿದಿದೆ. ಡಲ್ಸಿ ನೋಡಿದ್ರೆ ಪೆಟ್ಟಿಗೆಯಿಂದ ಎದ್ದು ವಾಪಸ್ ಕಳಿಸ್ತಿದ್ಲು."

ಹಿಂದೆ ನಿಂತಿದ್ದ ಯಾರೋ ಕಿಸಕ್ಕೆಂದು, ಕೆಮ್ಮಿದಂತೆ ಮಾಡಿದರು. ಗ್ರೇಮ್ ತಿರುಗಿ ನೋಡಿದ. ಐಲ್ಸಾ ತನ್ನ ಹಾಳೆಯತ್ತ ಕಣ್ಣುಹಾಯಿಸಿದಳು. ಒಂದು ಮಗ್ಗುಲಿಗೆ ಮಾತ್ರ ಮಳೆಯ ಸೋಂಕು ತಗುಲಿತ್ತು. ಅವಳು ಏನೂ ಮಾಡದೆ ಹಾಳೆ ತಾನಾಗಿಯೇ ಏಳತೊಡಗಿತ್ತು. ಮೇಲಿನ ಅಂಚು ನಿಧಾನವಾಗಿ ಹಿಂದಕ್ಕೆ ಬಾಗಿ, ಅಜ್ಜಿಯ ಹಣೆ, ಕಣ್ಣು, ನಗು ಒಂದೊಂದಾಗಿ ಮರೆಯಾಗಿ, ಕೊನೆಗೆ ಅಂಗೈಯಲ್ಲೊಂದು ಸುರುಳಿ ಕೂತಿತು. ಸುತ್ತ ನೋಡಿದರೆ ಮೂವತ್ತು ಕೈಗಳಲ್ಲಿ ಮೂವತ್ತು ಸುರುಳಿಗಳು.

ಅವೇ ಸುತ್ಕೊಳ್ತವೆ.

ಅಪ್ಪ ಮೊದಲ ಹಿಡಿ ಮಣ್ಣು ಹಾಕಿದ. ಐಲ್ಸಾ ಎರಡನೆಯದು ಹಾಕಿದಳು. ಅವಳ ಇನ್ನೊಂದು ಕೈ ಸುರುಳಿಯನ್ನು ಬಿಡಲಿಲ್ಲ.

*

ಚರ್ಚಿನ ಪಕ್ಕದ ಸಭಾಂಗಣದಲ್ಲಿ ಚಹಾ ಇತ್ತು. ಊರವರು ಮನೆಯಿಂದ ಮಾಡಿ ತಂದ ಮೊಟ್ಟೆಯ ಸ್ಯಾಂಡ್‌ವಿಚ್ಚು, ತೆಂಗಿನತುರಿಯಲ್ಲಿ ಹೊರಳಿಸಿದ ಲ್ಯಾಮಿಂಗ್ಟನ್ ಕೇಕು ಮೇಜಿನ ತುಂಬ ಸಾಲುಗಟ್ಟಿದ್ದವು. ಹೊಟ್ಟೆಗೆ ಬಿಸಿ ಬಿದ್ದದ್ದೇ ಜನರ ನಾಲಿಗೆ ಸಡಿಲವಾಯಿತು. ಮದುವೆಯ ಕಾರ್ಡು ಕೊಟ್ಟರೆ ಡಲ್ಸಿ ಮೊದಲು ಗಂಡುಹೆಣ್ಣಿನ ಹೆಸರು ಓದುತ್ತಿರಲಿಲ್ಲ, ಕಿಟಕಿಯ ಬೆಳಕಿಗೆ ಹಿಡಿದು ಕಾಗದ ನೋಡುತ್ತಿದ್ದಳು ಎಂದು ಒಬ್ಬರು ನೆನೆದರು. ತನಗೆ ಬಂದ ಕಾರ್ಡನ್ನು ಮೂಸಿ ನೋಡಿ 'ಈ ಮದುವೆ ಬಾಳಲ್ಲ' ಎಂದಿದ್ದಳೆಂದು ಇನ್ನೊಬ್ಬರು ಹೇಳಿದರು. ಬಾಳಿತಾ ಎಂದು ಯಾರೋ ಕೇಳಿದರು. ಇಲ್ಲ ಎಂದು ಅವರು ಲ್ಯಾಮಿಂಗ್ಟನ್ನಿಗೆ ಕೈಹಾಕಿದರು.

ಐಲ್ಸಾ ಗೋಡೆಯ ಬದಿಯಲ್ಲೇ ನಡೆದು ರೋನಾಳ ಎದುರು ಬಂದು ಕೂತಳು. ಅಪರಿಚಿತರ ಜೊತೆ ಮಾತು ತೆಗೆಯುವ ಮೊದಲು ಒಂದು ವಾಕ್ಯವನ್ನು ಮನಸ್ಸಿನಲ್ಲಿ ಹತ್ತು ಸಲ ಬರೆದು ಅಳಿಸುವುದು ಅವಳ ರೂಢಿ. ಈಗ ಅದಕ್ಕೆ ಪುರಸೊತ್ತಿರಲಿಲ್ಲ. ಚೀಲದಿಂದ ಹಾಳೆ, ಕತ್ತರಿ ತೆಗೆದು ಸ್ಯಾಂಡ್‌ವಿಚ್ಚಿನ ತಟ್ಟೆ ಸರಿಸಿ ಇಟ್ಟಳು.

"ನಂಗೆ ನಾಲ್ಕು ಬಸವನಹುಳ ಬೇಕು, ರೋನಾ. ಸಂಜೆಯೊಳಗೆ."

ರೋನಾ ಏಕೆ, ಏನು ಎಂದು ಕೇಳಲಿಲ್ಲ. ಐಲ್ಸಾ ಕತ್ತರಿಸಿದ್ದ ಪಟ್ಟಿಯೊಂದನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಸವರಿ ನೋಡಿದಳು. "ಉದ್ದಕ್ಕೆ ಕತ್ತರಿಸಿದೀಯ. ನಾರೂ ಉದ್ದಕ್ಕೇ ಇದೆ. ಹೀಗೆ ಕತ್ತರಿಸಿದ್ರೆ ನೀನು ಕ್ರಿಸ್ಮಸ್‌ವರೆಗೆ ಸುತ್ತಿದ್ರೂ ಎದ್ದೇಳುತ್ತೆ. ಅಡ್ಡ ಕತ್ತರಿಸು. ನಾನು ಕತ್ತರಿಸಿಕೊಡ್ತಿದ್ದೆ ಕಂದಾ, ಆದ್ರೆ ಇದನ್ನ ನೋಡು." ಅವಳ ಬೆರಳುಗಳ ಗಂಟುಗಳು ಶುಂಠಿಯ ಹಾಗೆ ಊದಿದ್ದವು.

ಐಲ್ಸಾ ಅಡ್ಡ ಕತ್ತರಿಸಿದಳು. "ಆಮೇಲೆ ಒದ್ದೆ ಮಾಡ್ಬೇಕು. ಅಲ್ವಾ?"

"ಯಾರು ಹೇಳಿದ್ರು?"

"ಮಣ್ಣು ಮಾಡೋವಾಗ ನೋಡ್ದೆ."

ರೋನಾ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದಳು. "ಒಂದೇ ಮಗ್ಗುಲು. ತಣ್ಣಗಾದ ಚಹಾದಲ್ಲಿ."

"ಚಹಾನೇ ಯಾಕೆ?"

"ನೀರಾದ್ರೂ ಆಗುತ್ತೆ. ಡಲ್ಸಿ ಕೈಯಲ್ಲಿ ಯಾವಾಗ್ಲೂ ಇರ್ತಿದ್ದಿದ್ದು ಚಹಾ."

ಐಲ್ಸಾ ಬೆರಳನ್ನು ಚಹಾದಲ್ಲಿ ಅದ್ದಿ ಪಟ್ಟಿಯ ಮೇಲೆ ಎಳೆದಳು. ಪಟ್ಟಿ ತುಸು ಯೋಚಿಸಿ ಬೆನ್ನು ಬಾಗಿಸಿತು. ಅವಳು ಬೆರಳನ್ನು ಬರಿದೆ ಒಡ್ಡಿದಳು, ಮಿಕ್ಕದ್ದನ್ನು ಅದೇ ಮಾಡಿಕೊಂಡಿತು. ರಬ್ಬರ್ ಬ್ಯಾಂಡು ಹಾಕಿ, ಚಹಾದ ನೀರು ಕಾಯುವ ದೊಡ್ಡ ಹಂಡೆಯ ಪಕ್ಕದಲ್ಲಿ ಒಣಗಲು ಇಟ್ಟಳು. ಎರಡನೆಯದು, ಮೂರನೆಯದು. ನಾಲ್ಕನೆಯದು ಮಾತ್ರ ಸ್ವಲ್ಪ ಸೊಟ್ಟಗಾಯಿತು. ಆಗಲೇ ಜನ ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡತೊಡಗಿದ್ದರು. ಗ್ರೇಮ್ ಜೇಬಿನಲ್ಲಿ ಕೈಯಿಟ್ಟುಕೊಂಡು ಹತ್ತಿರ ಬಂದ. "ನನ್ನ ಹುಟ್ಟುಹಬ್ಬಗಳಿಗೆ ಅಮ್ಮ ಏನೂ ಮಾಡಿದ್ದು ನೆನಪಿಲ್ಲ. ಯಾವಾಗ್ಲೂ ಪಾಳಿಯಲ್ಲಿರ್ತಿದ್ಲು," ಎಂದ. ದೂರಿನ ದನಿಯೇನೂ ಅದರಲ್ಲಿರಲಿಲ್ಲ. ಆಮೇಲೆ ಕೂತು ಕೊಂಬಿಗೆ ನೂಲು ಕತ್ತರಿಸಿಕೊಟ್ಟ.

ಐಲ್ಸಾ ಚೀಟಿಗಳ ಕಟ್ಟನ್ನು ರೋನಾಳ ಮುಂದಿಟ್ಟಳು. "ಇದು ಯಾಕೆ ಇತ್ತು?"

ರೋನಾ ಕನ್ನಡಕ ಏರಿಸಿಕೊಂಡಳು. "ಅಯ್ಯೋ, ಇಟ್ಕೊಂಡಿದ್ಲಾ ಇವನ್ನ? ಕಟ್ಟು ಕಟ್ಟೋ ಮುಂಚೆ ಒಂದೊಂದು ರೀಮಿಗೂ ಒಂದೊಂದು ಚೀಟಿ ಹಾಕ್ತಿದ್ವಿ. ಯಾರು ಆರಿಸಿದ್ದು ಅಂತ ಗೊತ್ತಾಗ್ಬೇಕಲ್ಲ. ಮೂವತ್ತೊಂದು ವರ್ಷದಲ್ಲಿ ಅವಳಿಗೆ ಒಂದೇ ಒಂದು ಚೀಟಿ ವಾಪಸ್ ಬಂತು. ಹಾಳೆಗಳ ಮಧ್ಯೆ ಒಂದು ಪತಂಗ ಸತ್ತಿತ್ತಂತೆ. ಮೇಸ್ತ್ರಿ ಎಲ್ಲರೆದುರೇ ಬೈದ. ಅವಳು ಆ ಚೀಟಿನ ಪರ್ಸಲ್ಲಿಟ್ಕೊಂಡು ವಾರಗಟ್ಲೆ ಎಲ್ಲರಿಗೂ ತೋರಿಸಿದ್ಲು. ಹುಚ್ಚಾ ನಿಂಗೆ ಅಂದೆ. 'ಅಲ್ವೇ ರೋನಾ, ಇಷ್ಟು ವರ್ಷಕ್ಕೆ ಒಬ್ಬರಾದ್ರೂ ಹಾಳೆ ಬಿಚ್ಚಿ ನೋಡಿದ್ರಲ್ಲ' ಅಂದ್ಲು."

ಹಾಗಾದರೆ ಆ ಒಂಬತ್ತರೊಳಗೂ ಒಂದೊಂದು ಚೀಟಿ ಇರಬೇಕು. ಒಣಗಿದ ಚಿಪ್ಪಿಗೆ ಮಿಠಾಯಿ ತುಂಬಿ ಐಲ್ಸಾ ಒಂದು ಚೀಟಿಯನ್ನು ಮಡಿಸಹೋದಳು. ರೋನಾ ಅವಳ ಮಣಿಕಟ್ಟು ಹಿಡಿದಳು.

"ಅದು ಅವಳ ನಂಬರು. ನೀನು ಸೊಟ್ಟ ಸುತ್ತಿದ್ದಕ್ಕೆ ಅವಳು ಬೈಸಿಕೊಳ್ಬೇಕಾ?"

"ನಂಗೆ ನಂಬರಿಲ್ಲ."

"ಬರ್ಕೊ."

ಐಲ್ಸಾ 41ನ್ನು ಹೊಡೆದು ಹಾಕಿ, ಪಕ್ಕದಲ್ಲಿ 42 ಎಂದು ಬರೆಯತೊಡಗಿದಳು.

"ನಲವತ್ತೆರಡು ನಂದು. ಮುಟ್ಬೇಡ," ಎಂದಳು ರೋನಾ. "ಅರವತ್ತರವರೆಗೆ ಇದ್ವು."

ಐಲ್ಸಾ ನಾಲ್ಕು ಚೀಟಿಗಳ ಮೇಲೂ 61 ಎಂದು ಬರೆದಳು.

ಸಂಜೆ ಐದಕ್ಕೆ ಪಿಪ್ಪಾ ಹದಿಮೂರನ್ನೂ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಒಂದೊಂದನ್ನೂ ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ನೋಡಿದಳು. ಸೊಟ್ಟಗಿದ್ದದ್ದರ ಹತ್ತಿರ ಬಂದಾಗ ನಿಂತಳು.

"ಇದು ಬೇರೆ ಜಾತಿಯದು," ಎಂದು ಪಿಪ್ಪಾ ತೀರ್ಪು ಕೊಟ್ಟು, ಹದಿಮೂರನ್ನೂ ಡಬ್ಬಿಗೆ ತುಂಬಿಕೊಂಡು ಹೊರಟಳು.

*

ಮರುದಿನ ಮಧ್ಯಾಹ್ನವಿಡೀ ಬೇಲಿಯ ಆಚೆಯಿಂದ ಮಕ್ಕಳ ಗಲಾಟೆ ಕೇಳಿತು. ಐಲ್ಸಾ ಅಜ್ಜಿಯ ಬೀರು ಖಾಲಿ ಮಾಡುತ್ತ ಒಳಗೇ ಉಳಿದಳು. ಬರಲು ಕರೆದಿದ್ದರು, ಅಷ್ಟೊಂದು ಜನರೆಂದು ಹೋಗಲಿಲ್ಲ. ಸಂಜೆಗೆ ಕಾರುಗಳು ಒಂದೊಂದಾಗಿ ಹೊರಟುಹೋದವು.

ಭಾನುವಾರ ಬೆಳಿಗ್ಗೆ, ಸಂತಾಪದ ಕಾರ್ಡುಗಳೇನಾದರೂ ಉಳಿದಿವೆಯೇ ಎಂದು ಅವಳು ಟಪಾಲು ಪೆಟ್ಟಿಗೆ ತೆರೆದಳು. ಒಳಗೆ ಆ ಸೊಟ್ಟ ಬಸವನಹುಳ ಕೂತಿತ್ತು. ಮಿಠಾಯಿ ಇರಲಿಲ್ಲ. ಚಿಪ್ಪು ಅರ್ಧ ಸಡಿಲಾಗಿತ್ತು. ಪಕ್ಕದಲ್ಲಿ ಚೀಟಿಯನ್ನು ಬಿಡಿಸಿ ಇಟ್ಟಿದ್ದರು. ಅಚ್ಚಿನ ಸಾಲಿನ ಕೆಳಗೆ ದಪ್ಪ ಸೀಸದಕಡ್ಡಿಯಲ್ಲಿ, ಆರು ವರ್ಷದ ಕೈಬರಹ: 'ಚಿಪ್ಪು ಬಿಚ್ಚಿಕೊಂಡಿದೆ. ಸರಿ ಮಾಡಿ ಕೊಡು.'

ಚೀಟಿಯ ಮೂಲೆಯಲ್ಲಿ ನಿಜವಾದ ಬಸವನಹುಳವೊಂದು ಹತ್ತಿ ಕೂತಿತ್ತು. ಹೊಡೆದು ಹಾಕಿದ 41 ಆಗಲೇ ಅದರ ಹೊಟ್ಟೆ ಸೇರಿತ್ತು. ಈಗ ಅದು ನಿಧಾನವಾಗಿ 61ರ ಕಡೆಗೆ ಬರುತ್ತಿತ್ತು.

ಐಲ್ಸಾ ಒಳಗೆ ಹೋಗಿ ಒಂದು ಬಟ್ಟಲು ಚಹಾ ಸೋಸಿಕೊಂಡು ಬಂದು, ಸಡಿಲಾದ ಚಿಪ್ಪನ್ನು ಮಡಿಲಲ್ಲಿಟ್ಟುಕೊಂಡು ಗೇಟಿನ ಕಟ್ಟೆಯ ಮೇಲೆ ಕೂತಳು. ಚಹಾ ತಣ್ಣಗಾಗಲಿ, ಆ ಹುಳವೂ ತಿಂದು ಮುಗಿಸಲಿ ಎಂದು ಕಾದಳು.